ರ‍್ಯಾಂಪಿಗೆ ಬಿಸಿನೀರು

ಎಪ್ಪತ್ತರ ದಶಕದ ಒಂದು ಜನವರಿ. ಅಮೆರಿಕದ ಡಲ್ಲಾಸ್‌ನಲ್ಲಿ ಸುರಿದ ಮಳೆ ನೆಲ ಮುಟ್ಟುತ್ತಲೇ ಗಾಜಿನಂತೆ ಹೆಪ್ಪುಗಟ್ಟಿತು. ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಿಗೆ ಏರುವ ರ‍್ಯಾಂಪಿನಲ್ಲಿ ಆಂಬುಲೆನ್ಸಿನ ಚಕ್ರಗಳು ಸುತ್ತಿದವೇ ಹೊರತು ಗಾಡಿ ಮೇಲೆ ಬರಲಿಲ್ಲ. ಹೆರಿಗೆ ನೋವಿನ ಹೆಂಗಸನ್ನು ಸ್ಟ್ರೆಚರಿನಲ್ಲಿ ಹೊತ್ತು ತರಬೇಕಾಯಿತು. ಜೊತೆಗಿದ್ದ ಡಾಕ್ಟರ್ ನೀರಜಾ ಜಾರಿ ಬಿದ್ದು ಮುಂಗೈ ಮುರಿದುಕೊಂಡರು.

ನೀರಜಾ ಧಾರವಾಡದವರು. ಅದೇ ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಗೋವಿಂದರಾಜು ಮೈಸೂರಿನವರು. ಮಾರನೆಯ ದಿನ ಆಕೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಬಾಯ್ಲರ್ ಕೋಣೆಗೆ ಇಳಿದು ಬಂದರು.

“ಇಲ್ಲಿ ಇಷ್ಟು ಬಿಸಿ ಅದ, ಮ್ಯಾಲೆ ನಾವು ಜಾರಿ ಬೀಳ್ಲಿಕ್ಕತ್ತೇವಿ. ಈ ಬಿಸಿ ರ‍್ಯಾಂಪಿಗೆ ಒಯ್ಲಿಕ್ಕೆ ಬರೂದಿಲ್ಲೇನ್ರೀ?”

“ಆಗತ್ತೆ ಡಾಕ್ಟ್ರೇ. ಕಾಂಕ್ರೀಟಿನೊಳಗೆ ಪೈಪ್ ಹಾಕಿ ಬಿಸಿನೀರು ಓಡಿಸಬೇಕು. ಆದ್ರೆ ಈ ಊರಲ್ಲಿ ಐಸ್ ಬೀಳೋದೇ ಅಪರೂಪ. ಯಾರು ಒಪ್ತಾರೆ?”

“ನೀವು ಕೇಳೇ ಇಲ್ಲಲ್ರೀ.”

ಅದು ನಿಜವಾಗಿತ್ತು. ಗೋವಿಂದರಾಜು ಹೋಗಿ ಕೇಳಿದರು. ಬಿರುಕುಬಿಟ್ಟ ಹಳೆಯ ರ‍್ಯಾಂಪನ್ನು ಬೇಸಿಗೆಯಲ್ಲಿ ಹೇಗೂ ಒಡೆದು ಕಟ್ಟುವುದಿತ್ತು, ಆಡಳಿತದವರು ಒಪ್ಪಿದರು. ಹಾವಿನಂತೆ ಸುತ್ತಿಸಿದ ತಾಮ್ರದ ಪೈಪುಗಳ ಮೇಲೆ ಕಾಂಕ್ರೀಟ್ ಬಿತ್ತು. ಪೈಪಿನೊಳಗೆ ಹೆಪ್ಪುಗಟ್ಟದಂತೆ ಮದ್ದು ಬೆರೆಸಿದ ನೀರು. ಅದಕ್ಕೆ ಬಿಸಿ ಹಳೆಯ ಬಾಯ್ಲರಿನಿಂದ.

ಆ ಚಳಿಗಾಲ ಐಸ್ ಬೀಳಲೇ ಇಲ್ಲ. “ರ‍್ಯಾಂಪಿನ ಮೇಲೆ ಮೊಟ್ಟೆ ಬೇಯಿಸೋಣವೇ?” ಎಂದು ಜೊತೆಯವರು ಛೇಡಿಸಿದರು. ಗೋವಿಂದರಾಜು ನಕ್ಕರು, ಆದರೆ ಕೆಲವು ದಿನ ಒಬ್ಬರೇ ಕೂತು ಊಟ ಮಾಡಿದರು.

ಮುಂದಿನ ಚಳಿಗಾಲದಲ್ಲಿ ಐಸ್ ಬೀಳಲಿದೆಯೆಂದು ರೇಡಿಯೋ ಎಚ್ಚರಿಸಿದ ಕೂಡಲೇ ಗೋವಿಂದರಾಜು ಪಂಪ್ ಚಾಲೂ ಮಾಡಿದರು. ರ‍್ಯಾಂಪಿನ ಮೇಲೆ ಐಸ್ ನಿಲ್ಲಲಿಲ್ಲ. ಆದರೆ ಕರಗಿದ ನೀರು ಇಳಿದು, ಪೈಪುಗಳಿಲ್ಲದ ಬುಡದಲ್ಲಿ, ಚರಂಡಿಯ ಜಾಲರಿಯ ಮೇಲೆ ಮತ್ತೆ ಗಟ್ಟಿಯಾಯಿತು. ಅಲ್ಲಿ ಜಾರಿದ ಆಂಬುಲೆನ್ಸ್ ಗೋಡೆಗೆ ಒರಗಿ ನಿಂತಿತು. ಪುಣ್ಯಕ್ಕೆ ಒಳಗೆ ರೋಗಿ ಇರಲಿಲ್ಲ.

ಗೋವಿಂದರಾಜು ಅವರ ಮುಖ ಬಾಡಿತು. “ನೀರು ಎಲ್ಲಿಗೆ ಹೋಗತ್ತೆ ಅಂತ ನಾನು ಯೋಚನೇನೇ ಮಾಡ್ಲಿಲ್ಲ.”

“ಈಗ ಗೊತ್ತಾತಲ್ರೀ,” ಎಂದರು ನೀರಜಾ. “ಮೊದ್ಲು ಉಪ್ಪು ತರಸ್ರಿ.”

ಇಬ್ಬರೂ ಸೇರಿ ಬುಡಕ್ಕೆ ಉಪ್ಪು ಎರಚಿದರು. ಐಸ್ ಕರಗಿ ಹೋದ ಮೇಲೆ ಗೋವಿಂದರಾಜು ಬುಡ ಒಡೆಸಿ, ಚರಂಡಿಯ ಸುತ್ತಲೂ ಪೈಪ್ ಹಾಯಿಸಿದರು.

ಮರುವರ್ಷ ಊರೆಲ್ಲ ಐಸಿನಡಿ ಬಿಳಿಚಿದ್ದಾಗ ರ‍್ಯಾಂಪ್ ಮಾತ್ರ ಒದ್ದೆಯಾಗಿ, ಕಪ್ಪಗೆ, ಸಣ್ಣಗೆ ಹಬೆಯಾಡುತ್ತಿತ್ತು. ಎದೆನೋವಿನ ವೃದ್ಧರೊಬ್ಬರನ್ನು ಹೊತ್ತ ಆಂಬುಲೆನ್ಸ್ ಒಂದೇ ಏಟಿಗೆ ಮೇಲೇರಿತು. ನೀರಜಾ ಸ್ಟ್ರೆಚರಿನ ಪಕ್ಕ ಓಡುತ್ತ ಒಳಗೆ ಹೋದರು. ನೆಲದತ್ತ ನೋಡಲೂ ಇಲ್ಲ. ಗೋವಿಂದರಾಜು ಜಾಲರಿಯೊಳಗೆ ನೀರು ಇಳಿಯುವುದನ್ನು ನೋಡುತ್ತ ನಿಂತರು.

ಸಂಜೆ ಆಕೆ ಹೊರಗೆ ಬಂದು, “ಅಜ್ಜಾರು ಉಳಕೊಂಡ್ರು ನೋಡ್ರಿ,” ಎಂದರು.

ಗೋವಿಂದರಾಜು ತಲೆಯಾಡಿಸಿ, ಮನೆಗೆ ಫೋನ್ ಮಾಡಲು ಹೋದರು. ಹೆಂಡತಿ ಪದ್ಮಿನಿಗೆ ಹೇಳಬೇಕಿತ್ತು: ಊರಿನ ರಸ್ತೆಗಳೆಲ್ಲ ಜಾರುತ್ತಿವೆ, ಇವತ್ತು ಇಲ್ಲೇ ಮಲಗುತ್ತೇನೆ, ಕಾಯಬೇಡ.