ಅಂಚೆ ಡಬ್ಬಿಯವರೆಗೆ

ಚರ್ಚಿನ ಊಟದಲ್ಲಿ ಎಲ್ಲರೆದುರು ಮ್ಯಾರಥಾನ್ ಓಡುತ್ತೇನೆಂದು ಹೇಳಿ, ಒಂದೇ ವಾರಕ್ಕೆ ಬಿಟ್ಟಿದ್ದಳು ವರ್ನಾ. ಈ ಚಳಿಗಾಲ ಯಾರಿಗೂ ಹೇಳದೆ ಚಿಕ್ಕದೊಂದು ಗುರಿ ಇಟ್ಟುಕೊಂಡಳು: ದಿನಾ ರಸ್ತೆಯ ತುದಿಯ ಅಂಚೆ ಡಬ್ಬಿಯವರೆಗೆ ನಡೆದು ಬರುವುದು.

ಅಮೆರಿಕದ ನಾರ್ತ್ ಡಕೋಟದ ಆ ಹಳ್ಳಿಗಾಡಿನಲ್ಲಿ ರಸ್ತೆ ತುದಿಯ ಡಬ್ಬಿಗೆ ಬಂದ ಅಂಚೆ ತರಲೂ ಜನ ಕಾರಿನಲ್ಲೇ ಹೋಗುತ್ತಾರೆ. ಹಿಮದಲ್ಲಿ ಯಾರಾದರೂ ನಡೆಯುತ್ತಿದ್ದರೆ ಕಾರು ಕೆಟ್ಟಿದೆಯೆಂದೇ ಅರ್ಥ. ಹತ್ತಿಸಿಕೊಳ್ಳದೆ ಯಾರೂ ಮುಂದೆ ಹೋಗುವುದಿಲ್ಲ. ನಿನ್ನೆ ಪಕ್ಕದ ಹೊಲದ ಆರ್ವಿಡ್ ಟ್ರಕ್ ನಿಲ್ಲಿಸಿದಾಗ, ನಿಜ ಹೇಳಲು ನಾಚಿ, "ಬ್ಯಾಟರಿ ಹೋಗಿದೆ" ಎಂದು ಹತ್ತಿಬಿಟ್ಟಿದ್ದಳು.

ಇವತ್ತು ಅವನು ಮತ್ತೆ ನಿಲ್ಲಿಸಿದ. "ಹತ್ತು ವರ್ನಾ. ಬ್ಯಾಟರಿ ಕೇಬಲ್ ತಂದಿದೀನಿ, ನಿನ್ನ ಕಾರು ಸ್ಟಾರ್ಟ್ ಮಾಡಿಕೊಡ್ತೀನಿ."

ಆ ಚಳಿಯಲ್ಲೂ ಅವಳ ಮುಖ ಬಿಸಿಯಾಯಿತು. "ಕಾರು ಚೆನ್ನಾಗೇ ಇದೆ ಆರ್ವಿಡ್. ನಿನ್ನೆ ಸುಳ್ಳು ಹೇಳ್ದೆ. ನಾನು ಸುಮ್ನೆ ನಡೀತಿದೀನಿ."

"ಓಹೋ! ಮ್ಯಾರಥಾನಾ?"

"ಅಲ್ಲ ಮಾರಾಯ, ಡಬ್ಬಿ ತನಕ ಅಷ್ಟೇ."

"ಅಷ್ಟಕ್ಕೆ ನನ್ನ ಕೈಲಿ ಕೇಬಲ್ ಹೊರಿಸಿದ್ಯಾ?" ಅವನು ಬಿದ್ದು ಬಿದ್ದು ನಕ್ಕು ಟ್ರಕ್ ಹೊರಡಿಸಿದ.

ಭಾನುವಾರದೊಳಗೆ ಚರ್ಚಿಗೆಲ್ಲ ಗೊತ್ತಾಗುತ್ತದೆ. ಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು ಅವಳಿಗೆ. ಡಬ್ಬಿ ಇನ್ನೂ ದೂರವಿತ್ತು. ತಲೆ ತಗ್ಗಿಸಿಕೊಂಡೇ ಅದರತ್ತ ನಡೆದಳು.