ಹಗಲಲ್ಲಿ ತೆಗೆದ ಫೋಟೋ

ರಾಚವ್ವ ಹೆಸರು ಹೇಳುವ ಮೊದಲೇ ಶಿವಕುಮಾರಿಯ ಬೆರಳುಗಳು ವಿಳಾಸ ಟೈಪ್ ಮಾಡಿ ಮುಗಿಸಿದ್ದವು: ಧಾರಾವಿ, ಸಾರ್ವಜನಿಕ ಶೌಚಾಲಯದ ಹಿಂದಿನ ಓಣಿ, ಬೀದಿದೀಪ.

“ಮತ್ತ ಹತ್ತಿಲ್ರೀ ಬಾಯಾರ,” ಹೆಡ್‌ಫೋನಿನಲ್ಲಿ ಮುದುಕಿಯ ದನಿ ಗೊಗ್ಗರಾಗಿತ್ತು. “ನಿನ್ನೆ ಮಟಮಟ ಮಧ್ಯಾಹ್ನ ಒಬ್ಬಾವ ಬಂದಿದ್ದ. ಕಂಬದ ಫೋಟೋ ಹೊಡಕೊಂಡ. ‘ಏನಪಾ, ಕಂಬಕ್ಕ ಕನ್ಯಾ ನೋಡಾಕತ್ತೀಯೇನು?’ ಅಂದೆ. ನಕ್ಕೋತ ಹೋದ.”

ಶಿವಕುಮಾರಿಗೂ ನಗು ಬಂತು. ವಾರ್ಡ್ ಕಚೇರಿಯ ದೂರು ವಿಭಾಗಕ್ಕೆ ಬರುವ ಕನ್ನಡದ ಕರೆಗಳೆಲ್ಲ ಅವಳ ಮೇಜಿಗೇ. ಈಚೆಗೆ ಬರುತ್ತಿದ್ದುದು ರಾಚವ್ವನದೊಂದೇ.

“ಸಂಜೀ ಮುಂದ ನೀರು ಕುಡಿಯೂದ ಬಿಟ್ಟೇನಿ,” ಎಂದಳು ರಾಚವ್ವ. “ಕತ್ತಲಾಗ ಆ ಓಣಿ ದಾಟಿ ಪಾಯಖಾನಿಗೆ ಹೋಗಾಕ ಅಂಜಿಕಿ. ಹ್ವಾದ ಅಮಾಸಿಗೆ ಜಾರಿ ಬಿದ್ದೆ. ನೀರು ಕುಡಿ ಅಂತ ಡಾಕ್ಟರ್ ಬೈತಾನ. ಅವನಿಗೇನವಾ, ಪಾಯಖಾನಿ ಅವನ ಮನ್ಯಾಗ ಐತಿ.”

“ಬರಕೊಂಡೀನಿ ಅವ್ವ.”

“ಬರಕೋರಿ. ಉಂಡ್ರ್ಯಾ?”

“ಇನ್ನೂ ಇಲ್ಲ.”

“ಹೊತ್ತು ನೋಡವಾ. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಫೋನ್ ಇಡ್ತೀನಿ.”

ಪರದೆಯ ಮೇಲೆ ನಿನ್ನೆಯ ಫೋಟೋ ಇತ್ತು. ಕಂಬ, ಅದರ ಮೇಲೊಂದು ಕಾಗೆ, ಹಿಂದೆ ಬಿಸಿಲು. ಕೆಳಗೆ ಹಸಿರು ಅಕ್ಷರದಲ್ಲಿ ‘ಬಗೆಹರಿದಿದೆ’. ದೂರು ಮುಗಿಸಲು ಫೋಟೋ ಬೇಕೆಂಬುದು ನಿಯಮ. ಬೀದಿದೀಪದ ಫೋಟೋವನ್ನು ಕತ್ತಲಾದ ಮೇಲೆ ತೆಗೆಯಬೇಕೆಂದು ಯಾರೂ ಬರೆದಿರಲಿಲ್ಲ. ದೀಪ ರಿಪೇರಿಯ ಗುತ್ತಿಗೆದಾರನ ಆಳುಗಳು ಫೋಟೋ ತೆಗೆದು, ಸಂಜೆಯಾಗುವ ಮೊದಲೇ ಮನೆಗೆ ಹೋಗುತ್ತಿದ್ದರು.

ಫೋಟೋದ ಪಕ್ಕದಲ್ಲಿ ಎರಡು ಗುಂಡಿಗಳು. ‘ಹೊಸ ದೂರು’ ಒತ್ತಿದರೆ ಇನ್ನೊಂದು ಫೋಟೋ ಬರುತ್ತದೆ. ವಾರ್ಡಿನ ಲೆಕ್ಕಕ್ಕೆ ಬಗೆಹರಿದ ದೂರು ಇನ್ನೊಂದು ಸೇರುತ್ತದೆ. ‘ಮತ್ತೆ ತೆರೆ’ ಒತ್ತಿದರೆ ವಾರ್ಡಿನ ಅಂಕ ಇಳಿಯುತ್ತದೆ. ಮುಖ್ಯ ಕಚೇರಿಯ ಎಂಜಿನಿಯರ್ ತಾನೇ ಬಂದು, ದೀಪ ಉರಿಯುವುದನ್ನು ಕಣ್ಣಾರೆ ಕಂಡು ಸಹಿ ಮಾಡಬೇಕಾಗುತ್ತದೆ.

ವಿಭಾಗದ ಮುಖ್ಯಸ್ಥ ಸುಭಾಷ ಚಹಾ ಹಿಡಿದು ಬಂದ. ಬೆಳಗಾವಿ ಕಡೆಯವನು. “ಏನ್ರೀ ಶಿವಕುಮಾರಿಬಾಯಿ, ನಮ್ಮ ಅಜ್ಜಿ ಫೋನೇನು? ಬರಲಿ, ಬರಲಿ! ಆಕಿ ಒಂದ ದೀಪದ ಮ್ಯಾಲೇ ನಾವು ಫಸ್ಟ್ ಬಂದೀವಿ.” ಗೋಡೆಯ ದೊಡ್ಡ ಪರದೆಯಲ್ಲಿ ಅವರ ವಾರ್ಡಿನ ಹೆಸರು ಎಲ್ಲಕ್ಕಿಂತ ಮೇಲಿತ್ತು. ನಾಳೆ ಮುಖ್ಯ ಕಚೇರಿಯಲ್ಲಿ ಶಾಲು, ತೆಂಗಿನಕಾಯಿ, ಸನ್ಮಾನ.

“ದೀಪ ಹತ್ತಿಲ್ಲಲ್ರೀ ಸರ್.”

“ಹತ್ತಿಲ್ಲಂತ ಫೋಟೋದಾಗ ಕಾಣತೈತೇನು?” ಅವನು ನಕ್ಕ. “ಹೊಸಾದೇ ಒತ್ತರಿ. ದಹಿಸರ್ ಟ್ರಾನ್ಸ್‌ಫರ್ ಪಟ್ಟಿ ನನ್ನ ಟೇಬಲ್ ಮ್ಯಾಲ ಐತಿ. ಸಯನ್ ಮನಿಯಿಂದ ಅಷ್ಟು ದೂರ ದಿನಾ ಲೋಕಲ್ ಟ್ರೇನ್‌ನ್ಯಾಗ ಜೋತಾಡೂ ವಯಸ್ಸೇನು ನಿಮ್ಮದು?”

ಅವನು ಹೋದ. ಮಳೆಗಾಲಕ್ಕೆ ಮುಂಚಿನಿಂದಲೂ ಅವಳು ‘ಹೊಸ ದೂರು’ ಒತ್ತುತ್ತಲೇ ಬಂದಿದ್ದಳು. ಸುಭಾಷನ ಹೆದರಿಕೆ, ದಹಿಸರಿನ ಹೆದರಿಕೆ ಎಂದುಕೊಂಡಿದ್ದಳು. ಅಷ್ಟೇ ಆಗಿತ್ತೇ?

ಗಂಡ ತೀರಿಹೋದ ಮೇಲೆ ಸಯನ್ನಿನ ಮನೆಯಲ್ಲಿ ಕುಕ್ಕರಿನದೊಂದೇ ಸದ್ದು. ಪುಣೆಯ ಮಗಳಿಗೆ ಏನು ಬರೆದರೂ ಹೆಬ್ಬೆರಳು ಎತ್ತಿದ ಚಿತ್ರ ಬರುತ್ತದೆ. ಅದೂ ಒಂದು ‘ಬಗೆಹರಿದಿದೆ’. ಬಿಲ್ಡಿಂಗಿನವರು ಲಿಫ್ಟಿನಲ್ಲಿ ತಲೆಯಾಡಿಸುತ್ತಾರೆ. ದಿನವೆಲ್ಲ ಕಳೆದರೂ ಉಂಡೆಯಾ ಎಂದು ಕೇಳುವುದು ಮುಖ ಕಾಣದ ಈ ಮುದುಕಿ ಮಾತ್ರ. ದೀಪ ಹತ್ತಿದರೆ ಆಕೆ ಯಾಕಾದರೂ ಫೋನ್ ಮಾಡುತ್ತಾಳೆ?

ಯೋಚನೆ ಅಲ್ಲಿಗೆ ಬಂದು ನಿಂತಾಗ ಅವಳ ಕಿವಿ ಬಿಸಿಯಾಯಿತು. ಆ ಓಣಿಯ ಕತ್ತಲಿನಿಂದ ಸುಭಾಷನಿಗೆ ಶಾಲು. ತನಗೆ ದಿನಕ್ಕೊಂದು ಮಾತು.

ಬಾಯಿ ಒಣಗಿತ್ತು. ಬಾಟಲಿ ಎತ್ತಿ ಒಂದು ಗುಟುಕು ಕುಡಿದಳು. ಸಂಜೆ ಮುಂದೆ ನೀರು ಬಿಟ್ಟ ರಾಚವ್ವ ನೆನಪಾದಳು. ಮುಚ್ಚಳ ತಿರುಗಿಸಿಟ್ಟು ಮೌಸ್ ಮೇಲೆ ಕೈಯಿಟ್ಟಳು.

“ಒತ್ತಿದ್ರ್ಯಾ?” ಸುಭಾಷ ತನ್ನ ಕುರ್ಚಿಯಿಂದಲೇ ಕೂಗಿದ.

“ಹೂಂ ಸರ್, ಒತ್ತಿದೆ.”

ಯಾವುದನ್ನು ಎಂದು ಅವನು ಕೇಳಲಿಲ್ಲ. ಪರದೆಯ ಮೇಲಿನ ಹಸಿರು ‘ಬಗೆಹರಿದಿದೆ’ ಅಳಿಸಿಹೋಗಿತ್ತು. ಊಟದ ಡಬ್ಬಿ ಬಿಚ್ಚಿದಳು. ಇನ್ನು ಮೇಲೆ ಉಣ್ಣುವ ಹೊತ್ತನ್ನು ತಾನೇ ನೋಡಿಕೊಳ್ಳಬೇಕು.