ಎರಡು ಸೈಲೆನ್ಸರಿನ ಗಾಡಿ

ಚಹಾ ಸೋಸುವ ಜರಡಿಗೆ ಪೆಟ್ರೋಲಿನ ನಾತ ಹತ್ತಿದ ದಿನವೇ ಪ್ರಫುಲ್ಲಾಳಿಗೆ ಗಂಡನ ಮೋಟಾರ್ ಸೈಕಲಿನ ಮೇಲೆ ಹೇಸಿಗೆ ಹುಟ್ಟಿತ್ತು. ಚಿನ್ನಯ್ಯನಿಗೋ ಅದೊಂದು ಮರುಳು. ಎರಡು ಸಿಲಿಂಡರ್, ಎರಡು ಕಾರ್ಬ್ಯುರೇಟರ್, ಎರಡು ಸೈಲೆನ್ಸರಿನ ಹಳೇ ಗಾಡಿ. ಮಳೆಗಾಲವಿಡೀ ಅದರ ಎಂಜಿನ್ ಮನೆಯ ಚಾವಡಿಯಲ್ಲಿ ಕರುಳು ಬಿಚ್ಚಿಕೊಂಡು ಬಿದ್ದಿತ್ತು. ನೆಲಕ್ಕೆ ಗ್ರೀಸು, ಒಗೆದ ಬಟ್ಟೆಗೆ ಗ್ರೀಸು, ಒಂದು ದಿನ ದೋಸೆ ಹಿಟ್ಟಿಗೂ ಗ್ರೀಸು. ಮಂಗಳೂರಿನಲ್ಲಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ನಿನ್ನೆ ಸಂಜೆಯಷ್ಟೇ ಎಂಜಿನ್ ಕೂರಿಸಿದ್ದ.

"ಇನ್ನು ಟ್ಯೂನಿಂಗ್ ಒಂದು ಬಾಕಿ. ಅರ್ಧ ಗಂಟೆಯ ಕೆಲಸ. ನೀನು ಬಸ್ಸಿಗೆ ಯಾಕೆ ಹೋಗುವುದು? ನಾನೇ ಬಿಡ್ತೇನೆ," ಎಂದಿದ್ದ.

ಆ ಮಾತನ್ನು ನಂಬಿ ಅವಳು ಬೆಳಗಿನ ಬಸ್ಸು ಬಿಟ್ಟಳು. ಬೆಳ್ತಂಗಡಿಯಲ್ಲಿ ಹತ್ತು ಗಂಟೆಗೆ ಅಂಗನವಾಡಿ ಟೀಚರ್ ಕೆಲಸದ ಸಂದರ್ಶನ. ಮುಂದಿನ ವರ್ಷ ಕರೆದರೆ ಅವಳ ವಯಸ್ಸು ಮೀರಿರುತ್ತದೆ. ಅಂದರೆ ಇವತ್ತು ಇಲ್ಲದಿದ್ದರೆ ಇನ್ನಿಲ್ಲ. ಇದು ಚಿನ್ನಯ್ಯನಿಗೂ ಗೊತ್ತಿತ್ತು.

ಸೀರೆ ಉಟ್ಟು ಅಂಗಳಕ್ಕೆ ಇಳಿದರೆ ಅವನು ಕುಕ್ಕುರುಗಾಲಲ್ಲಿ ಕೂತು ಗಾಡಿಗೆ ಕಿವಿ ಕೊಟ್ಟಿದ್ದ. ಗಾಡಿ ಒಮ್ಮೆ ಅರಚಿ, ಒಮ್ಮೆ ಕೆಮ್ಮಿ, ನಿಂತುಬಿಡುತ್ತಿತ್ತು.

"ಬಾ, ಎರಡು ಸೈಲೆನ್ಸರಿನ ಬಾಯಿಗೂ ಅಂಗೈ ಹಿಡಿ. ಎರಡು ಕಡೆಯ ಉಸಿರೂ ಸಮ ಬರ್ಬೇಕು."

ಹಿಡಿದಳು. ಬಿಸಿ ಹೊಗೆಯೊಂದಿಗೆ ಕಪ್ಪು ಎಣ್ಣೆಯ ಹನಿಗಳು ಅಂಗೈಗೆ ಉಗುಳಿದ ಹಾಗೆ ಸಿಡಿದವು. ಆದರೂ ಕೈ ತೆಗೆಯಲಿಲ್ಲ, ಬೇಗ ಮುಗಿಯಲಿ ಎಂದು.

"ಎಡದ್ದು ಮೆತ್ತಗೆ ಉಂಟು," ಎಂದಳು.

"ನಿನಗೆ ಎಂತ ಗೊತ್ತುಂಟು ಮಾರಾಯ್ತಿ," ಎಂದು ಅವನು ಬಲಗಡೆಯ ಸ್ಕ್ರೂ ತಿರುಗಿಸಿದ.

ನಮ್ಮ ಕಡೆ ಒಂದು ಎಂಜಿನ್ ಎರಡು ಸಲ ಕೆಮ್ಮಿದರೆ ಸಾಕು, ದಾರಿಯಲ್ಲಿ ಹೋಗುವ ಗಂಡಸರಿಗೆಲ್ಲ ಮೆಕ್ಯಾನಿಕ್ ವಿದ್ಯೆ ಮೈಮೇಲೆ ಬರುತ್ತದೆ. ಮೊದಲು ನೆರೆಮನೆಯ ತುಕ್ರಪ್ಪ ಬಂದ. ಪೆಟ್ರೋಲಿನಲ್ಲಿ ನೀರುಂಟು ಎಂದ. ಟ್ಯಾಂಕ್ ಖಾಲಿ ಮಾಡಿ ತುಂಬಿಸಿದರು. ಅವನ ಬೆನ್ನಿಗೇ, ಮೊದಲು ಲಾರಿ ಓಡಿಸುತ್ತಿದ್ದ ಸುಬ್ಬಪ್ಪ ಬಂದ. ಪ್ಲಗ್ ಎಂದ. ಪ್ಲಗ್ ಬಿಚ್ಚಿದರು. ನಡುವೆ ಅವರಿಗೆ ಚಹಾ ಬೇಕಾಯಿತು. ಅದನ್ನೂ ಅವಳೇ ಮಾಡಿ ತಂದಳು. ಚಹಾ ಕುಡಿಯುತ್ತಾ ಒಬ್ಬೊಬ್ಬರೂ ಒಂದೊಂದು ಸ್ಕ್ರೂ ತಿರುಗಿಸಿದರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಮೂವರೇ ಸಾಕಾಗಿದ್ದರು.

"ಎಡದ್ದು ಮೆತ್ತಗೆ ಉಂಟು ಅಂತ ಆಗಲೇ ಹೇಳಿದೆನಲ್ಲ," ಎಂದಳು ಪ್ರಫುಲ್ಲಾ.

ಯಾರೂ ತಲೆ ಎತ್ತಲಿಲ್ಲ. ತುಕ್ರಪ್ಪ ಮಾತ್ರ, ಮಕ್ಕಳಿಗೆ ಹೇಳುವ ಹಾಗೆ, "ಅಕ್ಕಾ, ಇದು ಮಿಕ್ಸಿ ಅಲ್ಲ," ಎಂದ. ಚಿನ್ನಯ್ಯ ನಕ್ಕ. ಹಲ್ಲಿಗೂ ಗ್ರೀಸು ಹತ್ತಿತ್ತು. ಇವನ ಜೊತೆ ಇಷ್ಟು ವರ್ಷ ಒಂದೇ ಬಟ್ಟಲಿನಲ್ಲಿ ಉಂಡೆನಲ್ಲ ಎಂದು ಅವಳಿಗೆ ಓಕರಿಕೆ ಬಂತು.

"ಹೊತ್ತಾಯಿತು. ನೀವು ಬರ್ತೀರಾ, ಇಲ್ಲವಾ?"

"ಐದು ನಿಮಿಷ ಮಾರಾಯ್ತಿ. ಸಂದರ್ಶನ ಎಲ್ಲಿಗೂ ಓಡಿಹೋಗುವುದಿಲ್ಲ."

ಅಷ್ಟರಲ್ಲಿ ರಸ್ತೆಯಲ್ಲಿ ಮೀನಿನ ಹಾರ್ನ್ ಕೇಳಿತು. ವೇಣೂರು ಕಡೆ ವ್ಯಾಪಾರ ಮುಗಿಸಿದ ಮೀನಿನ ಬಾವಾ, ಎಂ-ಎಯ್ಟಿ ಮೊಪೆಡ್ಡಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಗುರುವಾಯನಕೆರೆಗೆ ವಾಪಸು ಹೋಗುತ್ತಿದ್ದ. ಅಲ್ಲಿಗೆ ಮುಟ್ಟಿದರೆ ಬೆಳ್ತಂಗಡಿಗೆ ಬಸ್ಸಿನ ಮೇಲೆ ಬಸ್ಸು. ಪ್ರಫುಲ್ಲಾ ಓಡಿ ಹೋಗಿ ಅಡ್ಡ ನಿಂತಳು.

"ಬಾವಾ, ನನ್ನನ್ನು ಗುರುವಾಯನಕೆರೆಗೆ ಬಿಡ್ತೀರಾ?"

ಬಾವಾ ಅವಳ ಸೀರೆ ನೋಡಿದ, ತನ್ನ ಪೆಟ್ಟಿಗೆ ನೋಡಿದ. "ಮೀನಿನ ನೀರು ಸೋರ್ತದೆ ಪ್ರಫುಲ್ಲಕ್ಕ. ನಿಮ್ಮ ಸೀರೆ ಹಾಳಾಗ್ತದೆ."

"ಆಗಲಿ. ಹೋಗುವ."

ಅವನು ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ ಹಗ್ಗ ಬಿಗಿದು, ಸೀಟಿನ ಮೇಲೆ ಒಂದು ಗೋಣಿ ಹಾಸಿಕೊಟ್ಟ. ಅವಳು ಅಡ್ಡ ಕೂತಳು. ಮಂಜುಗಡ್ಡೆ ಕರಗಿದ ನೀರು ಸೊಂಟದ ಹತ್ತಿರ ತಣ್ಣಗೆ ಇಳಿಯತೊಡಗಿತು. ಬಂಗುಡೆಯ ನಾತ ಮೂಗಿಗೆ ಅಡರಿತು. ಸಂದರ್ಶನ ಮಾಡುವವರು ಮೂಗು ಮುಚ್ಚಿಕೊಳ್ಳಬಹುದು ಎಂದು ಹೆದರಿಕೆಯೂ ಆಯಿತು. ಆದರೆ ಈ ಗಾಡಿ ಹೋಗುತ್ತಿತ್ತು.

ಎರಡು ತಿರುವು ದಾಟಿರಬೇಕು, ಹಿಂದಿನಿಂದ ಒಂದು ಸದ್ದು ಬಂತು. ಕೆಮ್ಮಿಲ್ಲ, ಅರಚಾಟವಿಲ್ಲ, ಎರಡು ಕಡೆಯೂ ಸಮ. ನುಣ್ಣಗಿನ ಸದ್ದು, ಕೇಳಲು ಚಂದವೇ ಇತ್ತು. ಚಿನ್ನಯ್ಯ ಪಕ್ಕಕ್ಕೆ ಬಂದು ಗಾಡಿ ನಿಧಾನ ಮಾಡಿದ. ಮುಖದಲ್ಲಿ ಹಬ್ಬ.

"ಇಳಿ ಪ್ರಫುಲ್ಲಾ, ಇದಕ್ಕೆ ಹತ್ತು! ಸರಿಯಾಯಿತು ನೋಡು! ಎಡದ್ದೇ ವೀಕ್ ಇದ್ದದ್ದು! ಸುಬ್ಬಪ್ಪ ಕಂಡುಹಿಡಿದ! ಎಂಥ ಕಿವಿ ಅವನದ್ದು!"

ಬಾವಾ ಬ್ರೇಕ್ ಹಿಡಿದ. ಪ್ರಫುಲ್ಲಾ ಗಂಡನ ಮುಖವನ್ನೊಮ್ಮೆ ಪೂರ್ತಿ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಹೇಳಿದ್ದು ಅವನಿಗೆ ನಿಜಕ್ಕೂ ನೆನಪಿರಲಿಲ್ಲ, ಕಿವಿಗೆ ಬಿದ್ದರೂ ತಲೆಗೆ ಹೋಗಿರಲೇ ಇಲ್ಲ.

"ಇಳೀತೀರಾ ಅಕ್ಕಾ?" ಎಂದು ಬಾವಾ ಕೇಳಿದ.

"ಇಲ್ಲ ಬಾವಾ," ಎಂದಳು ಅವಳು. "ಇಲ್ಲಿ ಮೀನಿನ ನಾತ ಮಾತ್ರ ಉಂಟು. ನೀವು ಗಾಡಿ ಬಿಡಿ."